ಮೂಡ್ಲಿಗೆ ಎಂದರೆ ಯಾವ ಕಡೆ

ಆಗ ನನಗೆ ಐವತ್ತೇಳು. ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ಬಾಯಿಂದ ಬಂದ ಒಂದು ಮಾತಿನಿಂದ ರೇಣುಕಾ ಎಂಬ ಹುಡುಗಿಗೆ ರಾಜ್ಯದ ತಂಡದಲ್ಲಿ ಸಿಗಬೇಕಾದ ಜಾಗ ತಪ್ಪಿತು. ಮಾತು ಸುಳ್ಳಾಗಿರಲಿಲ್ಲ. ಅದೇ ತೊಂದರೆ. ಸುಳ್ಳಾಗಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದೆ.

ನಮ್ಮ ಕೆರೆಯ ಹಾಯಿದೋಣಿ ಕೇಂದ್ರಕ್ಕೆ ಈಗ ಹೊಸದಾಗಿ ಇಬ್ಬರು ಹುಡುಗಿಯರು ಸೇರಿದ್ದಾರೆ, ಗಾಳಿ ನೋಡುವ ಕೆಲಸಕ್ಕೆ. ಅವರಿಗಾಗಿ ಬರೆಯುತ್ತಿದ್ದೇನೆ. ನನಗೆ ಅಕ್ಷರ ಬಂದದ್ದು ನಲವತ್ತು ದಾಟಿದ ಮೇಲೆ. ಒತ್ತಕ್ಷರ ಈಗಲೂ ಕೈಕೊಡುತ್ತವೆ. ತಪ್ಪು ಕಂಡರೆ ತಿದ್ದಿಕೊಂಡು ಓದಿ, ನಗಬೇಡಿ.

ಕೆಲಸ ಏನು ಎಂದು ಮೊದಲು ಹೇಳುತ್ತೇನೆ. ಹಾಯಿದೋಣಿ ಗಾಳಿ ಬರುವ ಕಡೆಗೆ ನೇರವಾಗಿ ಹೋಗಲಾರದು. ತುಂಬಿದ ಗಾಡಿಯನ್ನು ದಿಬ್ಬ ಹತ್ತಿಸುವವನು ಎತ್ತುಗಳನ್ನು ಅಡ್ಡಡ್ಡ ಹೊಡೆಯುತ್ತಾನಲ್ಲ, ಹಾಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗುತ್ತ ಮೇಲೇರಬೇಕು. ಮೇಲುಗಡೆ ಒಂದು ಕೆಂಪು ಡ್ರಮ್ಮು ತೇಲಿಬಿಟ್ಟಿರುತ್ತಾರೆ. ಅದನ್ನು ಮೊದಲು ಸುತ್ತಿದವರು ಮುಂದು. ನಡುವೆ ಗಾಳಿ ತಿರುಗಿತೆನ್ನಿ, ಹೊಸ ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಮೊದಲೇ ಹೋಗಿ ಕಾದವರು ಗೆದ್ದರು. ಇನ್ನೊಂದು ಕಡೆ ಹೋದವರು ಕೆಟ್ಟರು. ಗಾಳಿ ಯಾವಾಗ ತಿರುಗುತ್ತದೆ, ಯಾವ ಕಡೆ ತಿರುಗುತ್ತದೆ, ಇದನ್ನು ಮುಂಚಿತವಾಗಿ ಹೇಳುವುದು ನಮ್ಮ ಕೆಲಸ. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಮಾಡಿ ನೋಡಿ. ಹದಿನೆಂಟು ವರ್ಷ ಮಾಡಿದೆ. ಇವತ್ತಿಗೂ ಒಂದು ಕಡೆ ನೆಮ್ಮದಿಯಾಗಿ ಕೂತು ಊಟ ಮಾಡಲು ಬರುವುದಿಲ್ಲ. ಕತ್ತಿನ ಹಿಂದೆ ತಣ್ಣಗಾದರೆ ತುತ್ತು ಬಿಟ್ಟು ಎದ್ದು ನಿಲ್ಲುತ್ತೇನೆ.

ನಾನು ಈ ಕೆಲಸಕ್ಕೆ ಅರ್ಜಿ ಹಾಕಿ ಬಂದವಳಲ್ಲ. ಅದಕ್ಕೂ ಮೊದಲು ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಭತ್ತ ತೂರುತ್ತಿದ್ದೆ. ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ಸುರಿಯುವುದು. ಕಾಳು ಕೆಳಗೆ, ಹೊಟ್ಟು ದೂರ. ಗಾಳಿ ಬಂದಾಗ ತೂರಿಕೋ ಎಂದು ಗಾದೆ ಮಾಡಿದವನು ಒಂದು ದಿನವೂ ತೂರಿದವನಲ್ಲ. ಗಾಳಿ ಬಂದ ಮೇಲೆ ಮೊರ ಹುಡುಕಿದರೆ ಗಾಳಿ ನಿನಗಾಗಿ ನಿಂತಿರುತ್ತದೆಯೇ? ಅದು ಬರುವ ಮೊದಲೇ ಮಣೆ ಹತ್ತಿರಬೇಕು. ಆಮೇಲೆ ಒಕ್ಕುವ ಮೆಷಿನ್ನು ಬಂತು. ಅದು ತಾನೇ ಗಾಳಿ ಹುಟ್ಟಿಸಿಕೊಂಡಿತು, ನಾನು ಬೇಡವಾದೆ. ಕೇಂದ್ರಕ್ಕೆ ಹಾಯಿ ತೊಳೆದು ಒಣಹಾಕುವ ಕೂಲಿಗೆ ಸೇರಿದೆ.

ಆಗ ಅಲ್ಲಿ ದೊಡ್ಡವರು ಹುಚ್ಚರಾಯಪ್ಪ ಮಾಸ್ತರು. ಹಡಗಿನಲ್ಲಿ ಕೆಲಸ ಮಾಡಿ ಬಂದವರು, ಆದರೆ ಹುಟ್ಟಿದ್ದು ಸೊರಬದ ಹತ್ತಿರವೇ. ಒಂದು ದಿನ ಹಗ್ಗಕ್ಕೆ ಹಾಕಿದ್ದ ಹಾಯಿಗಳನ್ನೆಲ್ಲ ತೆಗೆದು ಆಚೆ ಬದಿಯ ಹಗ್ಗಕ್ಕೆ ಹಾಕುತ್ತಿದ್ದೆ. ಬಂದು ನಿಂತರು.

“ಯಾಕವ್ವಾ ದ್ಯಾಮಕ್ಕ, ಹಾಕಿದ್ದನ್ನ ತೆಗ್ದು ಅತ್ಲಾಗೆ ಹಾಕ್ತಿದೀಯ?”

“ಗಾಳಿ ತಿರುಗ್ತತೆ ಸಾರ್. ಇಲ್ಲೇ ಬಿಟ್ರೆ ಬೇಲಿಗೆ ಬಡ್ದು ಹರಿತಾವೆ.”

“ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ನಿಮ್ಮ ಕತ್ತಿಗೆ ಗೊತ್ತಾಗಾದಿಲ್ವಾ?”

ಅವರು ಗಡಿಯಾರ ನೋಡಿಕೊಂಡು ಅಲ್ಲೇ ನಿಂತರು. ಎಲೆ ಅಡಿಕೆ ಹಾಕಿಕೊಂಡು ಉಗಿಯುವಷ್ಟು ಹೊತ್ತು. ತಿರುಗಿತು. ಮರುದಿನ ಕರೆದು, “ನಾಳೆಯಿಂದ ನೀನು ಕೆರೆ ಏರಿ ಮೇಲೆ ಕೂತ್ಕ” ಎಂದರು.

“ಕೂತ್ಕಂಡು?”

“ಗಾಳಿ ನೋಡು.”

“ಗಾಳಿ ನೋಡಾಕೆ ಕೂಲಿ ಕೊಡ್ತೀರಾ? ಊರವ್ರು ನಗ್ತಾರೆ.”

“ನಗ್ಲಿ ಬಿಡು. ನಿನ್ನ ನೋಡಿ ಈಗೇನು ಅಳ್ತಿದಾರಾ?”

ನಕ್ಕರು. ಮೋಟಾರು ದೋಣಿ ಓಡಿಸುವ ಬಸಣ್ಣ ವರ್ಷಗಟ್ಟಲೆ ನಕ್ಕ. ದಿನಾ ಬೆಳಿಗ್ಗೆ, “ಏನ್ ದ್ಯಾಮಕ್ಕ, ಇವತ್ತು ಗಾಳಿ ಕೆಜಿ ಎಷ್ಟು?” ಎನ್ನುತ್ತಿದ್ದ. “ನಿನ್ನ ತಲೆಯೊಳಗಿರಾದು ಪುಗಸಟ್ಟೆ ಕಣೋ” ಎನ್ನುತ್ತಿದ್ದೆ.

ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಹೊಗೆಯದು. ತಾಳಗುಂದದ ಕಡೆ ಒಬ್ಬರು ಕೊಯ್ದ ಮೆಕ್ಕೆಜೋಳದ ದಂಟಿಗೆ ಬೆಂಕಿ ಹಾಕಿದ್ದರು. ಏರಿಯ ಮೇಲಿಂದ ನೋಡಿದೆ, ಕೆರೆಯಂಚಿನ ಸಣ್ಣ ಹೊಗೆಗಳೆಲ್ಲ ಆ ಕಡೆಗೆ ವಾಲಿದ್ದವು. ಗಾಳಿ ಆಗಲೇ ತಿರುಗಿತು ಎಂದು ಮಾಸ್ತರಿಗೆ ಕಾಣುವಂತೆ ಬಾವುಟ ಎತ್ತಿಬಿಟ್ಟೆ. ಗಾಳಿ ತಿರುಗಿರಲಿಲ್ಲ. ದೊಡ್ಡ ಬೆಂಕಿ ಸುತ್ತಲಿನ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಅಷ್ಟೇ. ಹನ್ನೊಂದು ದೋಣಿ ಕೆರೆಯ ಒಂದು ಮೂಲೆಗೆ ಹೋಗಿ ಎಮ್ಮೆಗಳ ಹಾಗೆ ನಿಂತವು. ಬಸಣ್ಣ ಒಂದೊಂದಾಗಿ ಎಳೆದು ತಂದ. “ಗಾಳಿ ನೋಡಿದ್ಯಾ, ಬೆಂಕಿ ನೋಡಿದ್ಯಾ?” ಎಂದ. ಹೊಗೆ ಒಂದನ್ನೇ ನಂಬಬೇಡಿ. ಹೊಂಗೆ ಎಲೆಯ ಬೆನ್ನು ನೋಡಿ, ನೀರಿನ ಮೇಲೆ ಓಡುವ ಕಪ್ಪು ಮಚ್ಚೆ ನೋಡಿ, ಹಕ್ಕಿ ನೋಡಿ. ಗುಡವಿಯ ಪಕ್ಷಿಧಾಮಕ್ಕೆ ಬರುವಂಥ ಹಕ್ಕಿಗಳು ನಮ್ಮ ಕೆರೆಗೂ ಮೇಯಲು ಬರುತ್ತವೆ. ಹಕ್ಕಿ ಗಾಳಿಗೆ ಮುಖ ಕೊಟ್ಟು ಕೂರುತ್ತದೆ. ಬೆನ್ನು ಕೊಟ್ಟರೆ ಪುಕ್ಕ ಎದ್ದು ಚಳಿ ಹೊಗುತ್ತದೆ. ಬೆಳ್ಳಕ್ಕಿಗಳೆಲ್ಲ ಒಂದು ಕಡೆ ಮುಖ ಮಾಡಿ ಕೂತಿದ್ದು, ಅದರಲ್ಲಿ ಎರಡು ಮೂರು ಮಾತ್ರ ಕಾಲು ಬದಲಿಸಿ ಬೇರೆ ಕಡೆ ತಿರುಗಿದವೆಂದರೆ ನೀವು ಎದ್ದು ನಿಲ್ಲಿ.

ಬೆರಳು ಎಂಜಲು ಮಾಡಿ ಎತ್ತಿ ಹಿಡಿಯುವುದು ಸಿನಿಮಾದವರ ಕೆಲಸ. ನಿಮಗೆ ಕತ್ತು ಇದೆ, ಕಿವಿಯ ಹಿಂಭಾಗ ಇದೆ. ಸೆರಗು ಹೊದ್ದು ಕೂರಬೇಡಿ.

ರೇಣುಕಾ ಬಂದದ್ದು ನನ್ನ ಹತ್ತನೇ ವರ್ಷದಲ್ಲಿ. ಶಿಕಾರಿಪುರದ ಕಡೆಯ ಕುರಿ ಮೇಯಿಸುವವರ ಮನೆಯ ಹುಡುಗಿ, ಹದಿನಾಲ್ಕು ವರ್ಷ. ಶಾಲೆಯಿಂದ ನೋಡಲು ಬಂದವಳು ದೋಣಿ ಹತ್ತಿ ಇಳಿಯಲೇ ಇಲ್ಲ. ನನ್ನ ಪಕ್ಕ ಏರಿಯ ಮೇಲೆ ಕೂತು ಹಕ್ಕಿಯ ವಿಷಯ ಕೇಳಿದಳು. ಕೇಳಿ ನಕ್ಕಳು.

“ನಿಮ್ಮ ಹಕ್ಕಿ ಮಾರಿ ಕೊಡ್ತತಿ ಅಜ್ಜಿ, ನಮ್ಮ ಕುರಿ ಕುಂಡಿ ಕೊಡ್ತತಿ.”

“ಏನಂದೆ?”

“ಖರೇ ರೀ. ಬಿರುಸು ಗಾಳಿ ಬರೂ ಮುಂಚೆ ಕುರಿ ಆ ಕಡಿಗೆ ಬೆನ್ನು ತಿರುಗ್ಸಿ ನಿಂದರ್ತಾವು. ನೋಡ್ರಿ ಬೇಕಂದ್ರ.”

ಆಚೆ ದಡದಲ್ಲಿ ಮೇಯುವ ಕುರಿಗಳನ್ನು ಎಷ್ಟೋ ದಿನ ನೋಡಿದೆ. ಅವಳು ಹೇಳಿದ್ದು ನಿಜ. ನನಗೆ ಯಾರೂ ಹೇಳಿಕೊಡದೆ ಬಂದದ್ದು ಈ ಹುಡುಗಿಗೂ ಬಂದಿತ್ತು. ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮೂರು ವರ್ಷ ಕಲಿತಳು. ಅಷ್ಟರಲ್ಲಿ ಹುಚ್ಚರಾಯಪ್ಪ ಮಾಸ್ತರು ವಯಸ್ಸಾಗಿ ಕೆಲಸ ಬಿಟ್ಟರು. ಅವರ ಜಾಗಕ್ಕೆ ಸುಧಾಕರ ಸರ್ ಬಂದರು. ಸಮುದ್ರದ ಕಡೆಯವರು, ಕೊಲ್ಲಿಯಲ್ಲಿ ದೋಣಿ ಓಡಿಸಿ ಬಹುಮಾನ ತೆಗೆದುಕೊಂಡವರು. ಒಳ್ಳೆಯ ಮನುಷ್ಯ, ಆದರೆ ನಮ್ಮ ಕೆರೆಯನ್ನು ಕಂಡು ಅವರಿಗೆ ನಗು. “ಇದೆಂತ ಕೆರೆಯಾ, ಕೊಡಪಾನವಾ?” ಎಂದರು. ಬಂದವರೇ ಆಫೀಸಿನ ಮಾಡಿನ ಮೇಲೆ ಗಾಳಿ ಅಳೆಯುವ ಮೆಷಿನ್ನು ನಿಲ್ಲಿಸಿದರು. ಮೂರು ಬಟ್ಟಲು ಗಿರಗಿರ ತಿರುಗುತ್ತವೆ, ಬಾಣವೊಂದು ತೋರಿಸುತ್ತದೆ, ಒಳಗೆ ಕೂತರೆ ಅಂಕೆ ಬರುತ್ತದೆ. ಬಾವುಟ ಹೋಗಿ ನನ್ನ ಕೈಗೂ ಒಂದು ವಾಕಿಟಾಕಿ ಬಂತು. ಆದರೆ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಮೂರು ತಿಂಗಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದಕ್ಕಿಂತ ಭತ್ತ ಕುಟ್ಟುವುದು ಮೇಲು.

ಒಂದು ದಿನ ನಾನೇ ಗುಂಡಿ ಒತ್ತಿ ಹೇಳಿದೆ. “ಸಾರ್, ದೋಣಿ ಬಿಡಬ್ಯಾಡಿ. ಗಾಳಿ ಸಾಯ್ತತೆ.”

“ಮೆಷಿನಲ್ಲಿ ಒಳ್ಳೆ ಗಾಳಿ ಉಂಟಲ್ಲ ಅಮ್ಮ.”

“ನಿಮ್ಮ ಮೆಷಿನ್ನು ಮಾಡಿನ ಮೇಲೆ ಐತೆ. ದೋಣಿ ನೀರಿನ ಮೇಲೆ ಐತೆ.”

ಅವರು ದೋಣಿ ಬಿಟ್ಟರು. ಕಾಲು ಗಂಟೆಯೊಳಗೆ ನೀರು ಕನ್ನಡಿಯಾಯಿತು. ಬಸಣ್ಣ ಎಲ್ಲವನ್ನೂ ಎಳೆದು ತರುವಾಗ ಸುಧಾಕರ ಸರ್ ಏರಿಯ ಮೇಲೆ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತರು. “ಇನ್ನು ಮೇಲೆ ನಿಮ್ಮನ್ನೇ ಕೇಳುವುದು ಮಾರಾಯ್ರೆ” ಎಂದರು. ನನಗೆ ತಲೆ ನಿಲ್ಲಲಿಲ್ಲ. ಅದು ಆಯ್ಕೆಯ ಓಟಕ್ಕೆ ಒಂದು ವಾರ ಮುಂಚೆ.

ಆಯ್ಕೆಯ ಓಟ ನಮ್ಮ ಕೆರೆಯಲ್ಲೇ. ಬೇರೆ ಬೇರೆ ಕಡೆಯಿಂದ ಹದಿನೈದು ಮಕ್ಕಳು. ಎರಡು ದಿನ, ದಿನಕ್ಕೊಂದು ಓಟ. ಎರಡು ದಿನದ ಸ್ಥಾನ ಕೂಡಿಸಿ, ಲೆಕ್ಕ ಕಡಿಮೆ ಬಂದ ಇಬ್ಬರು ರಾಜ್ಯದ ತಂಡಕ್ಕೆ. ರೇಣುಕಾಗೆ ಹದಿನೇಳು ತುಂಬಿತ್ತು, ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ವರ್ಷ. ಅದು ತಪ್ಪಿದರೆ ಮತ್ತೆ ಇಲ್ಲ. ಅವಳಿಗಿಂತ ಚೆನ್ನಾಗಿ ದೋಣಿ ಓಡಿಸುವವರು ಆ ಹದಿನೈದರಲ್ಲಿ ಇರಲಿಲ್ಲ. ಇದನ್ನು ನಾನೊಬ್ಬಳೇ ಹೇಳುವುದಲ್ಲ, ಸೋಲಿಸಿದವರೂ ಹೇಳಿದರು.

ಮೊದಲ ದಿನ ಹನ್ನೊಂದರ ಹೊತ್ತು. ಬಡಗಿನಿಂದ ಸಣ್ಣ ಗಾಳಿ, ಈಗಲೋ ಆಗಲೋ ಸಾಯುವಂಥದ್ದು. ಕೆಂಪು ಡ್ರಮ್ಮು ಬಡಗಲ ತುದಿಯಲ್ಲಿ. ಸುಧಾಕರ ಸರ್ ಮೋಟಾರು ದೋಣಿಯಲ್ಲಿ ರೇಣುಕಾಳ ದೋಣಿಯ ಪಕ್ಕ ನಿಂತಿದ್ದರು. ಓಟ ಶುರುವಾಗುವವರೆಗೆ ಮಾತ್ರ ಗುರುಗಳು ಮಾತಾಡಬಹುದು, ಆಮೇಲೆ ಇಲ್ಲ. ನನ್ನ ಮಡಿಲಿನ ವಾಕಿಟಾಕಿ ಕರಕರ ಎಂದಿತು.

“ಅಮ್ಮ, ಗಾಳಿ ಎಂತ ಮಾಡ್ತದೆ?”

“ಹತ್ತು ನಿಮಿಷದಾಗೆ ಮೂಡ್ಲಿಗೆ ತಿರುಗ್ತತೆ ಸಾರ್.”

“ಮೂಡಾ? ಗ್ಯಾರಂಟಿಯಾ?”

“ಹೂಂ ಸಾರ್, ಮೂಡ್ಲಿಗೆ. ಬರ್ಕಳಿ ಬೇಕಾದ್ರೆ.”

ಹತ್ತು ನಿಮಿಷ ಹೇಳಿದ್ದೆ, ಒಂಬತ್ತಕ್ಕೆ ತಿರುಗಿತು. ಕತ್ತಿನ ಎಡಗಡೆ ತಣ್ಣಗಾಯಿತು. ಪಡುವಲ ದಂಡೆಯಿಂದ ಕಪ್ಪು ಮಚ್ಚೆ ಎದ್ದು ಮೂಡಲಿಗೆ ಓಡಿತು. ನಾನು ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ನಗುತ್ತಿದ್ದೆ. ಆಮೇಲೆ ರೇಣುಕಾಳ ದೋಣಿ ಹುಡುಕಿದೆ. ಅದು ಮೂಡಲ ದಂಡೆಯ ಜೊಂಡಿನ ಹತ್ತಿರ ಇತ್ತು. ಒಬ್ಬಳೇ. ಹಾಯಿ ಒದ್ದೆ ಸೀರೆಯ ಹಾಗೆ ಜೋತುಬಿದ್ದಿತ್ತು. ಪಡುವಲ ಕಡೆ ಇದ್ದವರು ಹೊಸ ಗಾಳಿ ಹಿಡಿದು ಅವಳ ಮುಂದೆಯೇ ಡ್ರಮ್ಮು ಸುತ್ತಿದರು. ಅವಳು ಒಂಬತ್ತನೆಯವಳಾಗಿ ಬಂದಳು.

ದೋಣಿ ಎಳೆದು ಹಾಕುವ ಜಾಗಕ್ಕೆ ನಾನು ಓಡಿದೆ, ಬೈಯುವುದಕ್ಕೆ. ಸುಧಾಕರ ಸರ್ ಅಲ್ಲಿಂದ ನನ್ನನ್ನು ಬೈಯಲು ಓಡಿ ಬರುತ್ತಿದ್ದರು.

“ಎಂತ ಅಮ್ಮ ನೀವು ಹೇಳಿದ್ದು! ಹುಡುಗಿಯನ್ನು ಮುಳುಗಿಸಿದ್ರಲ್ಲ!”

“ನಾ ಹೇಳಿದ್ದು ಹೇಳಿದಂಗೆ ಆತಲ್ಲ! ನೀವ್ಯಾಕೆ ಅವ್ಳನ್ನ ಅತ್ಲಾಗೆ ಕಳ್ಸಿದ್ರಿ?”

“ಮೂಡು ಅಂತ ಹೇಳಿದ್ದು ಯಾರು?”

“ನಾನೇ! ಮೂಡ್ಲಿಗೇ ಹೋತಲ್ಲ ಗಾಳಿ!”

“ಗಾಳಿ ಬಂದದ್ದು ಪಡುವಿಂದ ಮಾರಾಯ್ರೆ!”

“ಪಡುವ್ಲಿಂದ ಬಂದಿದ್ದು ಇನ್ನೆಲ್ಲಿಗೆ ಹೋಗ್ತತೆ ಸಾರ್? ಮೂಡ್ಲಿಗೆ!”

ಬಸಣ್ಣ ಮೊದಲ ಸಲ ನಗಲಿಲ್ಲ.

ಆದದ್ದು ಇಷ್ಟೇ. ಗಾಳಿ ಎಲ್ಲಿ ಹುಟ್ಟಿತು ಎಂದು ಕಣದಲ್ಲಿ ಯಾರೂ ಕೇಳುವುದಿಲ್ಲ. ಹೊಟ್ಟು ಎಲ್ಲಿಗೆ ಹೋಗಿ ಬೀಳುತ್ತದೆ ಎನ್ನುವುದೇ ಕೇಳುವ ಮಾತು. ಆ ಕಡೆ ಪಕ್ಕದವರ ರಾಶಿ ಇರಬಹುದು, ಮಲಗಿಸಿದ ಕೂಸು ಇರಬಹುದು. ಅದಕ್ಕೆ ತೂರುವವರು ಗಾಳಿ ಮೂಡ್ಲಿಗೆ ಎಂದರೆ ಹೊಟ್ಟು ಮೂಡಲಿಗೆ ಎಂದು ಅರ್ಥ. ದೋಣಿಯವರಿಗೆ ಹಾಗಲ್ಲ. ಅವರಿಗೆ ಗಾಳಿಯ ಹೆಸರು ಅದು ಬರುವ ಕಡೆಯದು. ಹುಚ್ಚರಾಯಪ್ಪ ಮಾಸ್ತರಿಗೆ ಕಣದ ಮಾತೂ ಗೊತ್ತು, ಹಡಗಿನ ಮಾತೂ ಗೊತ್ತು. ಹದಿಮೂರು ವರ್ಷ ನಾನು ಹೇಳಿದ್ದನ್ನು ತಿರುಗಿಸಿಕೊಂಡು ಕೇಳಿದ್ದಾರೆ, ತಿರುಗಿಸಿಕೊಳ್ಳುತ್ತೇನೆ ಎಂದು ಒಂದು ದಿನವೂ ಹೇಳಲಿಲ್ಲ. ಅವರು ಒಳ್ಳೆಯವರು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ತಿದ್ದಬೇಕಿತ್ತು. ಕೆಳಗಿನವರ ತಪ್ಪನ್ನು ತಾವೇ ನುಂಗಿಕೊಳ್ಳುವ ಮೇಲಿನವರು ಬಿಟ್ಟುಹೋದ ಮೇಲೆ ಅದು ಯಾರದೋ ಕುತ್ತಿಗೆಗೆ ಬರುತ್ತದೆ.

ಸಂಜೆ ರೇಣುಕಾ ಹಾಯಿ ಮಡಚುತ್ತಿದ್ದಳು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ನನ್ನ ಮಾತು ಸರಿಯಾಗಿಯೇ ಇತ್ತು ಎಂದು ಶುರುಮಾಡಿದೆ. ಅವಳು ತಡೆದಳು.

“ಸರಿ ಇತ್ರಿ ಅಜ್ಜಿ. ನಾ ಒಂಬತ್ತನೇದಾಕಿ ಆದೆ.”

“ಸಾರ್‌ಗೆ ತಿಳೀಲಿಲ್ಲ…”

“ನಂಗ ತಿಳಿದಿತ್ತು.”

“ಏನು?”

“ಪಡುವಲ ಗಾಳಿ ಬರ್ತತಿ ಅಂತ. ಕುರಿ ನೋಡಿದ್ದೆ. ಆ ಕಡಿಗೆ ಬೆನ್ನು ಹಾಕಿ ನಿಂತಿದ್ವು. ನಾ ಅತ್ಲಾಗೇ ಹೊಂಟಿದ್ದೆ. ಸಾರ್ ಬಂದು, ಇಲ್ಲ, ದ್ಯಾಮಕ್ಕ ಹೇಳ್ಯಾಳ, ಮೂಡ್ಲ ಕಡಿ ಹೋಗು ಅಂದ್ರು.”

“ಕುರಿ ನೋಡಿದ್ಮೇಲೆ ಯಾಕೆ ಹೋದೆ, ಬೆಪ್ಪೇ?”

“ನೀವು ಹೇಳಿದ್ಮ್ಯಾಲ ನಾ ಯಾಕ ಕುರಿ ನೋಡ್ಲಿ?”

ಅವಳು ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಮಡಚಿದ ಹಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಇಟ್ಟು ಬಂದಳು. ನಾಳೆ ಎಷ್ಟು ಹೊತ್ತಿಗೆ ಏರಿಗೆ ಬರ್ತೀರಿ, ನಾಳೆ ಸಾರ್‌ಗೆ ಬೇಡ, ನನಗೇ ನೇರ ಹೇಳಿ ಎಂದಳು. ನಾನು ಹೂಂ ಎಂದೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಹೂಂ ಒಂದನ್ನೇ ತಿರುವಿ ಹಾಕಿದೆ. ನಾಳೆ ಹೆಸರು ತಪ್ಪದ ಹಾಗೆ ಹೇಳಬಹುದು, ಅದೇನು ಕಷ್ಟವಲ್ಲ. ಪಡುವಲಿಂದ ಎನ್ನಬೇಕು, ಮುಗಿಯಿತು. ಆದರೆ ನಾನು ಏರಿಯ ಮೇಲೆ ಕೂತಿದ್ದರೆ ಅವಳು ನೀರು ನೋಡುವುದಿಲ್ಲ, ಕುರಿ ನೋಡುವುದಿಲ್ಲ, ನನ್ನನ್ನೇ ನೋಡುತ್ತಾಳೆ. ನನಗಿಂತ ಒಳ್ಳೆಯ ಕಣ್ಣು ಅವಳದು. ಅದನ್ನು ನಾನು ಮೂರು ವರ್ಷದಲ್ಲಿ ಮುಚ್ಚಿಸಿದ್ದೆ. ನನ್ನ ಕೆಲಸ ಚೆನ್ನಾಗಿ ಮಾಡಿಯೇ ಮುಚ್ಚಿಸಿದ್ದೆ.

ಎರಡನೇ ದಿನ ಏನಾಯಿತು ಎಂದು ಎಲ್ಲರೂ ಮೊದಲು ಕೇಳುವುದರಿಂದ ಈಗಲೇ ಹೇಳಿಬಿಡುತ್ತೇನೆ. ಅವಳು ಮೊದಲನೆಯವಳಾಗಿ ಬಂದಳು. ಎರಡನೆಯವರು ಡ್ರಮ್ಮು ಸುತ್ತುವಾಗ ಇವಳು ಅರ್ಧ ದಾರಿ ವಾಪಸು ಬಂದಿದ್ದಳಂತೆ. ಒಂಬತ್ತು ಮತ್ತು ಒಂದು, ಹತ್ತು. ಅವಳ ಮೇಲಿನವಳದು ಎಂಟು. ಇಬ್ಬರಿಗೆ ಜಾಗ, ಇವಳು ಮೂರನೆಯವಳು. ನಾನು ಒಂದು ಮಾತು ಆಡದೆ ಇದ್ದಿದ್ದರೆ ಹೋಗುತ್ತಿದ್ದಳು. ಈಗ ಶಿಕಾರಿಪುರದ ಒಂದು ಶಾಲೆಯಲ್ಲಿ ಆಟ ಕಲಿಸುತ್ತಾಳೆ. ಸಿಕ್ಕರೆ ಮಾತಾಡಿಸುತ್ತಾಳೆ. ಆ ವಿಷಯ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಆ ಎರಡನೇ ದಿನದ ಬೆಳಿಗ್ಗೆ ನಾನು ಏರಿಗೆ ಹೋಗಲಿಲ್ಲ. ವಾಕಿಟಾಕಿಯನ್ನು ಬಸಣ್ಣನ ಕೈಗೆ ಕೊಟ್ಟೆ. “ಹುಡುಗಿ ಕೇಳಿದ್ರೆ?” ಎಂದ. “ಸತ್ಲು ಅನ್ನು” ಎಂದೆ. ಮೊದಲ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಬಸ್ಸಿನ ಕಿಟಕಿಯಿಂದ ಹೊಂಗೆ ಮರಗಳು ಕಂಡವು. ಮುಖ ಈಚೆಗೆ ತಿರುಗಿಸಿಕೊಂಡೆ. ಸ್ಟ್ಯಾಂಡಿನಲ್ಲಿ ಇಳಿದರೆ ಅಲ್ಲೂ ಧೂಳು ಎದ್ದು ಎತ್ತಲೋ ಹೋಗುತ್ತಿತ್ತು. ಎತ್ತ ಎಂದು ಕಾಲು ತಾನೇ ತಿರುಗುತ್ತಿತ್ತು. ಬೇಗ ಬೇಗ ನಡೆದು ಅಡಿಕೆ ಮಂಡಿಯ ಹಿಂದಿನ ಗೋದಾಮಿಗೆ ಹೋದೆ. ಅಲ್ಲಿ ಗುರುತಿನ ಹೆಂಗಸರು ನಾಲ್ಕು ಜನ ಅಡಿಕೆ ಆರಿಸುತ್ತಿದ್ದರು.

“ಏನ್ ದ್ಯಾಮಕ್ಕ, ಕೆರೆ ಬಿಟ್ಟು ಈ ಕಡೆ? ಏನು ಬೇಕಾಗಿತ್ತೇ?”

“ಗಾಳಿ ಆಡ್ದಿರೋ ಜಾಗ” ಎಂದೆ.

ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಅವರ ನಡುವೆ ಕೂತು ಅಡಿಕೆ ಆರಿಸತೊಡಗಿದೆ.